ಕಾಫಿ ಕಣದಲ್ಲಿ ನಿಂತು ಪೇಸರ್ಸ್ ಆಟ: ಬ್ಯಾಸ್ಕೆಟ್‌ಬಾಲ್ ಆ್ಯಪ್, ಮೂರು ಸೀಸನ್ ಬಳಸಿದ ಮೇಲೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಟ ತೋರಿಸುವ ಒಂದು ಆ್ಯಪ್‌ಗೆ ಮೂರು ಸೀಸನ್‌ನಿಂದ ದುಡ್ಡು ಕಟ್ಟುತ್ತಿದ್ದೇನೆ. ಆ್ಯಪ್ ಹೆಸರು ಬೇಡ ಬಿಡಿ. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಇಲ್ಲಿ ಕೂತು ಅಲ್ಲಿಯ ಇಂಡಿಯಾನಾ ಪೇಸರ್ಸ್ ತಂಡದ ಅಭಿಮಾನಿ ಅಂದರೆ ಜನ ನಗುತ್ತಾರೆ. ಹಾಕಿ ಊರು ನಮ್ಮದು, ಏಪ್ರಿಲ್ ಬಂದರೆ ಕೊಡವ ಕುಟುಂಬಗಳ ಹಾಕಿ ಬಿಟ್ಟು ಬೇರೆ ಮಾತೇ ಇರುವುದಿಲ್ಲ.

ಈ ಹುಚ್ಚು ಹತ್ತಿದ್ದು 2019ರ ಅಕ್ಟೋಬರ್‌ನಲ್ಲಿ. ಎನ್‌ಬಿಎ ತಂಡಗಳು ಭಾರತದಲ್ಲಿ ಮೊದಲ ಸಲ ಆಡಿದ್ದು ಆಗ, ಮುಂಬೈಯಲ್ಲಿ. ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್. ಮೊದಲ ದಿನ ಹೆಚ್ಚುವರಿ ಸಮಯಕ್ಕೆ ಹೋಗಿ ಪೇಸರ್ಸ್ 132-131ರಲ್ಲಿ ಗೆದ್ದಿತು. ಅವತ್ತು ಟಿವಿ ಮುಂದೆ ಕೂತವನು ಇನ್ನೂ ಎದ್ದಿಲ್ಲ.

ಈಗ ಆ್ಯಪ್ ವಿಷಯ. ಚಳಿಗಾಲದಲ್ಲಿ ಪೇಸರ್ಸ್ ತಮ್ಮೂರಲ್ಲಿ ರಾತ್ರಿ ಏಳಕ್ಕೆ ಆಡಿದರೆ ನಮಗೆ ಬೆಳಗಿನ 5.30. ನನಗೆ ಹೇಳಿ ಮಾಡಿಸಿದ ಹೊತ್ತು. ಒಲೆ ಹತ್ತಿಸಿ, ಕರಿ ಕಾಫಿ ಇಟ್ಟುಕೊಂಡು ಕೂತರೆ ಆಳುಗಳು ಬರುವ ಹೊತ್ತಿಗೆ ಆಟ ಮುಗಿದಿರುತ್ತದೆ. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನಾನು 4.30ಕ್ಕೆ ಏಳಬೇಕು. ಆಗದಿದ್ದರೆ ಸ್ಕೋರ್ ಮುಚ್ಚಿಟ್ಟು ಸಂಜೆ ಪೂರ್ತಿ ಆಟ ನೋಡಬಹುದು. ಆ ಸೌಲಭ್ಯಕ್ಕೆ ಪೂರ್ತಿ ಅಂಕ.

ಹೈಲೈಟ್ಸ್ ಬಿಟ್ಟಿ ಸಿಗುತ್ತದಲ್ಲ, ದುಡ್ಡು ಯಾಕೆ ಅಂತ ಕೇಳುವವರಿದ್ದಾರೆ. ಬೇರೆ ತಂಡಕ್ಕೆ ಅದು ಸಾಕಾದೀತು. ಪೇಸರ್ಸ್‌ಗೆ ಸಾಲದು. 2024-25ರಲ್ಲಿ ಇವರು ಶುರುಮಾಡಿದ್ದು 10 ಗೆಲುವು, 15 ಸೋಲಿನಿಂದ. ಅರೇಬಿಕಾ ಕೊಯ್ಯುವ ಕಾಲ ಅದು, ದಿನಾ ಬೆಳಿಗ್ಗೆ ಸೋಲು ನೋಡಿ ತೋಟಕ್ಕೆ ಹೋಗುತ್ತಿದ್ದೆ. ಸೀಸನ್ ಮುಗಿದಾಗ 50-32. ಹೇಗೆ ಬದಲಾಯಿತು ಅನ್ನುವುದು ಆ ಜನವರಿ, ಫೆಬ್ರವರಿಯ ಆಟಗಳಲ್ಲಿದೆ. ನಮ್ಮ ತಂಡದ ಆಟ ನಡೆಸುವ ಟೈರೀಸ್ ಹ್ಯಾಲಿಬರ್ಟನ್ ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳುವುದೇ ಇಲ್ಲ, ಬಂದ ಹಾಗೆಯೇ ದಾಟಿಸುತ್ತಾನೆ. ಎದುರಾಳಿಗಳು ಬ್ಯಾಸ್ಕೆಟ್ ಕೆಳಗಿಂದ ಚೆಂಡು ಒಳಗೆ ಎಸೆಯುವಾಗ ನಮ್ಮ ಇನ್ನೊಬ್ಬ ಆಟಗಾರ ಮೆಕಾನೆಲ್ ಎಲ್ಲಿಂದಲೋ ನುಗ್ಗಿ ಕದಿಯುತ್ತಾನೆ. ಒಮ್ಮೆ ನಮ್ಮ ಚಿಕ್ಕಪ್ಪ ನೋಡಿ, 'ಇದು ಹಾಕಿ ಕಣೋ, ಕೋಲು ಮಾತ್ರ ಇಲ್ಲ' ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಇನ್ನು ಸಿಟ್ಟು. ಲೈವ್ ಅನ್ನುವುದು ಹೆಸರಿಗಷ್ಟೇ, ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಂದೆ ಓಡುತ್ತದೆ. 2025ರ ಫೈನಲ್ಸ್, ಒಕ್ಲಹೋಮ ಸಿಟಿ ಥಂಡರ್ ಎದುರು ಮೊದಲ ಆಟ. ನಮಗೆ ಜೂನ್ 6ರ ಬೆಳಿಗ್ಗೆ. ಮೇ ಕೊನೆಯ ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆ ಬಿದ್ದು ನಮ್ಮ ಇಂಟರ್ನೆಟ್ ಲೈನ್ ಹರಿದುಹೋಗಿತ್ತು, ಇನ್ನೂ ಜೋಡಿಸಿರಲಿಲ್ಲ. ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು. ಮೊದಲರ್ಧದಲ್ಲೇ ನಮ್ಮವರು 19 ಸಲ ಚೆಂಡು ಕಳೆದುಕೊಂಡರು. ಕೊನೆಯ ಕ್ವಾರ್ಟರ್‌ನಲ್ಲಿ 15 ಅಂಕ ಹಿಂದೆ. ಆದರೂ ಹತ್ತಿರ ಬಂದರು, ಇನ್ನೂ ಹತ್ತಿರ ಬಂದರು, ಒಂದೇ ಅಂಕ ಬಾಕಿ. ಚಿತ್ರ ನಿಂತು ಲೋಡಿಂಗ್ ಚಕ್ರ ತಿರುಗತೊಡಗಿತು. ಅಷ್ಟರಲ್ಲಿ ಮೈಸೂರಿನಿಂದ ಅಕ್ಕನ ಮಗನ ಮೆಸೇಜು: 'ಮಾವ, ಹಾಕಿಬಿಟ್ಟ!!' ಚಿತ್ರ ಬಂದಾಗ ಹ್ಯಾಲಿಬರ್ಟನ್ ಇನ್ನೂ ಚೆಂಡು ತಟ್ಟಿಕೊಂಡು ಬರುತ್ತಿದ್ದ. 0.3 ಸೆಕೆಂಡ್ ಉಳಿದಾಗ ಚೆಂಡು ಬಿತ್ತು, 111-110. ಇಡೀ ಆಟದಲ್ಲಿ ನಾವು ಮುಂದೆ ಹೋದದ್ದು ಅದೊಂದೇ ಸಲ. ನನಗೆ ಅದು ಹಳೇ ಸುದ್ದಿ.

ಇನ್ನೊಂದು, ಚಂದಾ ಮುಗಿದರೆ ಹೇಳದೆ ಕೇಳದೆ ಮತ್ತೆ ದುಡ್ಡು ಕತ್ತರಿಸುತ್ತಾರೆ. ವಾಪಸ್ ಕೇಳಿದರೆ ಯಂತ್ರ ಉತ್ತರ ಕೊಡುತ್ತದೆ. ಡೇಟಾ ಕೂಡ ನೋಡಿಕೊಳ್ಳಿ, ನನ್ನ ದಿನದ 2 ಜಿಬಿ ಮೂರನೇ ಕ್ವಾರ್ಟರ್‌ಗೇ ಖಾಲಿ.

ಆ ಫೈನಲ್ಸ್‌ನ ಏಳನೇ, ಕೊನೆಯ ಆಟದ ಬಗ್ಗೆ ಬರೆಯಲು ಮನಸ್ಸಿಲ್ಲ. ಹ್ಯಾಲಿಬರ್ಟನ್ ಮೀನಖಂಡದ ನೋವು ಇಟ್ಟುಕೊಂಡೇ ಇಳಿದಿದ್ದ. ಮೊದಲ ಕ್ವಾರ್ಟರ್‌ನಲ್ಲಿ ಮೂರು ತ್ರೀ-ಪಾಯಿಂಟರ್ ಹಾಕಿದ, ಆಮೇಲೆ ಹಿಮ್ಮಡಿಯ ಸ್ನಾಯುರಜ್ಜು ಹರಿದು ನೆಲಕ್ಕೆ ಬಿದ್ದ. ಅಂಗೈಯಿಂದ ನೆಲ ಬಡಿಯುತ್ತಿದ್ದ. ಅವನಿಲ್ಲದೆಯೂ ಅರ್ಧ ಆಟದ ಹೊತ್ತಿಗೆ 48-47 ಮುಂದಿದ್ದೆವು. ಕೊನೆಗೆ ಥಂಡರ್ 103, ನಾವು 91. ನೋವಿದ್ದವನನ್ನು ಆಡಿಸಿದ್ದು ಸರಿಯೇ ಅಂತ ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಹತ್ತಿರ ಕೇಳಿದೆ. 'ಕಾಲು ಉಳುಕಿದವನನ್ನು ಮೆಣಸು ಕೊಯ್ಯಲು ಏಣಿ ಹತ್ತಿಸ್ತೀರಾ ಸಾರ್?' ಅಂದರು. ಹತ್ತಿಸುವುದಿಲ್ಲ. ಆದರೆ ಅವನೇ ಹತ್ತುತ್ತೇನೆ ಅಂದರೆ? ನನಗಂತೂ ಕೋಚ್ ಕಾರ್ಲೈಲ್ ಮೇಲೆ ಸಿಟ್ಟು ಬರಲಿಲ್ಲ.

5ಕ್ಕೆ 3.5 ಕೊಡುತ್ತೇನೆ. ಒಂದೇ ತಂಡವನ್ನು ಅಕ್ಟೋಬರ್‌ನಿಂದ ಹಿಡಿದು ನೋಡುವವರು ತಗೊಳ್ಳಿ. ಫೈನಲ್ಸ್ ಮಾತ್ರ ಸಾಕು ಅನ್ನುವವರು ಸುಮ್ನೆ ದುಡ್ಡು ಹಾಕಬೇಡಿ.

2025-26ಕ್ಕೆ ಹ್ಯಾಲಿಬರ್ಟನ್ ಇಡೀ ವರ್ಷ ಇಲ್ಲ ಅಂತ ಮೊದಲೇ ಹೇಳಿದರು. ನಮ್ಮ ಇನ್ನೊಬ್ಬ ಮುಖ್ಯ ಆಟಗಾರ ಮೈಲ್ಸ್ ಟರ್ನರ್ ಮಿಲ್ವಾಕಿ ತಂಡಕ್ಕೆ ಹೋದ. ತಾನಾಗಿ ದುಡ್ಡು ಕತ್ತರಿಸುವ ಆಯ್ಕೆಯನ್ನು ಹುಡುಕಿ ಆಫ್ ಮಾಡಿದೆ. ಈ ಸಲ ಬೇಡ ಅಂತ ಮನೆಯಲ್ಲೂ ಹೇಳಿದ್ದೆ. ಅಕ್ಟೋಬರ್ ಬಂತು, ಬೆಳಿಗ್ಗೆ ಐದಕ್ಕೇ ಎಚ್ಚರ. ಒಂದು ತಿಂಗಳದ್ದು ಮಾತ್ರ ತಗೊಂಡೆ.