ಅಡಿಕೆ ಲಾಟ್ ಎಲ್ಲಿ ನಿಲ್ಲುತ್ತಿದೆ? ಎಕ್ಸೆಲ್, ಡಿಸ್ಕೋ, ಪಿಎಂ4ಪೈ ಮೂರರಲ್ಲೂ ನೋಡಿದೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಕಂಪ್ಯೂಟರ್ ಕೆಲಸ ನನ್ನದು. ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರರದ್ದು ಒಂದೇ ದೂರು: ಮಾಲು ತಂದು ಹಾಕಿದ ಮೇಲೆ ದುಡ್ಡು ಕೈಗೆ ಬರುವುದು ತಡ. ಎಲ್ಲಿ ತಡ ಅಂತ ಕೇಳಿದರೆ ತೂಕದವರು ಟೆಂಡರ್‌ನವರ ಕಡೆ ಕೈ ತೋರಿಸುತ್ತಾರೆ, ಟೆಂಡರ್‌ನವರು ಕ್ಯಾಷ್ ಕೌಂಟರ್ ಕಡೆ. ಅದಕ್ಕೇ ಪ್ರೋಸೆಸ್ ಮೈನಿಂಗ್, ಅಂದರೆ ದಾಖಲೆಯಿಂದ ಕೆಲಸ ನಿಜವಾಗಿ ಸಾಗಿದ ದಾರಿಯ ನಕ್ಷೆ ತೆಗೆಯುವುದು, ಮಾಡಿ ನೋಡೋಣ ಅನಿಸಿತು. ಬೇಕಾದದ್ದು ಮೂರೇ ಕಾಲಂ: ಲಾಟ್ (ಬೆಳೆಗಾರ ಒಮ್ಮೆ ತಂದು ಹಾಕಿದ ಮಾಲು) ನಂಬರ್, ಆದ ಕೆಲಸ, ಆದ ಹೊತ್ತು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಅವು ಮೊದಲೇ ಇದ್ದವು.

ಎಕ್ಸೆಲ್‌ಗೆ ಹೊಸ ಖರ್ಚಿಲ್ಲ. ತೂಕದಿಂದ ಪಾವತಿವರೆಗೆ ಎಷ್ಟು ದಿನ ಹಿಡಿಯಿತು ಅಂತ ಲಾಟ್‌ವಾರು ಸಿಕ್ಕಿತು. ಲಾಟ್ ಮುಂದೆ ಹೋಗಿ ವಾಪಸ್ ಬಂದಿದ್ದು ಮಾತ್ರ ಕಾಣಲಿಲ್ಲ. ತಡ ಇದೆ ಅಂತ ಗೊತ್ತಾಯಿತು, ಅದು ಮೊದಲೇ ಗೊತ್ತಿತ್ತು!

ಡಿಸ್ಕೋ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನ ಫ್ಲಕ್ಸಿಕಾನ್ ಕಂಪನಿಯ ಪ್ರೋಸೆಸ್ ಮೈನಿಂಗ್ ಸಾಫ್ಟ್‌ವೇರ್. ಫೈಲ್ ಕೊಟ್ಟು ಯಾವ ಕಾಲಂ ಯಾವುದು ಅಂತ ಹೇಳಿದರೆ ನಕ್ಷೆ ತಾನೇ ಬರುತ್ತದೆ. ಸ್ಲೈಡರ್ ಇಳಿಸಿದರೆ ಅಪರೂಪದ ದಾರಿಗಳು ಮರೆಯಾಗಿ ಮುಖ್ಯ ದಾರಿ ಉಳಿಯುತ್ತದೆ. ಲಾಟ್‌ಗಳು ಚುಕ್ಕಿಗಳಾಗಿ ಓಡುವ ಅನಿಮೇಷನ್ ಕೂಡ ಇದೆ. ಅದನ್ನು ನೋಡೋಕೆ ಗುಮಾಸ್ತರೆಲ್ಲ ನನ್ನ ಟೇಬಲ್ ಸುತ್ತ ಸೇರಿದರು. ನನಗೆ ನಿಜವಾದ ಲಾಭ ಆಗಿದ್ದು ಅಲ್ಲೇ. ಟೆಂಡರ್‌ನಿಂದ ಮತ್ತೆ ಟೆಂಡರ್‌ಗೇ ತಿರುಗುವ ದಪ್ಪ ಗೆರೆ ತೋರಿಸಿ ಇದೇ ತಡ ಅಂದೆ. ಹಿರಿಯ ಗುಮಾಸ್ತರು ನಕ್ಕರು: "ತಡ ಅಲ್ಲ ಸಾರ್, ರೇಟು ಒಪ್ಪಿಲ್ಲ. ಬೆಟ್ಟೆ ಅಡಿಕೆ ತಂದವರು ಇನ್ನೂ ಏರುತ್ತೆ ಅಂತ ಕಾಯ್ತಾರೆ." ಬೆಳೆಗಾರ ತಾನಾಗಿ ಕಾಯುವುದನ್ನೂ ಕಚೇರಿ ಕಾಯಿಸುವುದನ್ನೂ ಯಾವ ಸಾಫ್ಟ್‌ವೇರೂ ತಾನಾಗಿ ಬೇರೆ ಮಾಡಿ ಕೊಡುವುದಿಲ್ಲ. ಆ ಗೆರೆ ಬಿಟ್ಟು ನೋಡಿದಾಗ ಬಿಲ್ ಆದ ಮೇಲಿನ ಕಾಯುವಿಕೆ ಎದ್ದು ಕಂಡಿತು. ಕಾರಣ ಬ್ಯಾಂಕ್ ಖಾತೆ ನಂಬರ್ ಸರಿ ಇಲ್ಲದೆ ವಾಪಸ್ ಬಂದ ಪಾವತಿಗಳು. ಈಗ ಮಾಲು ಇಳಿಸುವಾಗಲೇ ಪಾಸ್‌ಬುಕ್ ನೋಡುತ್ತೇವೆ. ಆದರೆ ಡಿಸ್ಕೋ ಲೈಸೆನ್ಸ್‌ಗೆ ದುಡ್ಡು ಕೊಡಬೇಕು, ಒಂದು ಮಂಡಿಗೆ ಅದು ಭಾರವೇ.

ಪಿಎಂ4ಪೈ ಉಚಿತ, ಕೋಡ್ ಬರೆದು ಬಳಸುವ ಪೈಥಾನ್ ಲೈಬ್ರರಿ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಶುರುವಾದದ್ದು. ನಕ್ಷೆ ಇದರಲ್ಲೂ ಬರುತ್ತದೆ, ಆದರೆ ಸುಮ್ನೆ ನಿಂತ ಚಿತ್ರ. ಗುಮಾಸ್ತರಿಗೆ ತೋರಿಸಿದರೆ ಯಾರೂ ಎರಡನೇ ಸಲ ನೋಡಲಿಲ್ಲ. ತಾರೀಖಿನ ವಿಷಯದಲ್ಲಿ ಹುಷಾರಾಗಿರಬೇಕು: ಫೈಲ್ ಓದುವ ಪೈಥಾನ್ ಲೈಬ್ರರಿ ಪಾಂಡಾಸ್‌ಗೆ ದಿನ ಮೊದಲು ಅಂತ ಹೇಳದಿದ್ದರೆ 03/04 ಅನ್ನು ಮಾರ್ಚ್ 4 ಅಂತ ಓದುತ್ತದೆ. ಹಾಗಾದರೆ ತೂಕಕ್ಕಿಂತ ಮುಂಚೆ ಪಾವತಿ ಆದಂತೆ ಕಾಣುತ್ತದೆ. ಇದರ ಬಲ ಬೇರೆ. ಒಮ್ಮೆ ಬರೆದ ಕೋಡ್ ಪ್ರತಿ ತಿಂಗಳೂ ಅದೇ ಲೆಕ್ಕ ಕೊಡುತ್ತದೆ. ಪಾಸ್‌ಬುಕ್ ನೋಡಲು ಶುರು ಮಾಡಿದ ಮೇಲೆ ತಡ ಕಡಿಮೆಯಾಯಿತಾ ಅಂತ ತಿಳಿಯೋದು ಹೀಗೇ ಅಲ್ವಾ?

ಸೆಲೋನಿಸ್ ಅನ್ನುವ ಇನ್ನೊಂದು ಪ್ರೋಸೆಸ್ ಮೈನಿಂಗ್ ಸಾಫ್ಟ್‌ವೇರ್ ಮುಟ್ಟಲಿಲ್ಲ. ಎಸ್‌ಎಪಿಯಂಥ ದೊಡ್ಡ ವ್ಯವಹಾರ ಸಾಫ್ಟ್‌ವೇರ್ ಇಟ್ಟುಕೊಂಡ ದೊಡ್ಡ ಕಂಪನಿಗಳ ಮಾತು ಅದು.

ನಾನಾದರೆ ಕಾರಣ ಹುಡುಕಲು ಡಿಸ್ಕೋದ ಟ್ರಯಲ್, ತಿಂಗಳ ಲೆಕ್ಕಕ್ಕೆ ಪಿಎಂ4ಪೈ ಅನ್ನುತ್ತೇನೆ. ನಿಮ್ಮಲ್ಲಿ ಹಗಲಿನ ಕೆಲಸವನ್ನೆಲ್ಲ ಸಂಜೆ ಕೂತು ಒಟ್ಟಿಗೆ ಎಂಟ್ರಿ ಮಾಡುವ ಅಭ್ಯಾಸ ಇದ್ದರೆ ಮಾತ್ರ ಮೂರೂ ಬೇಡ, ಕೆಲಸ ಆದ ನಿಜವಾದ ಹೊತ್ತೇ ದಾಖಲಾಗಿರುವುದಿಲ್ಲ; ಮೊದಲು ಆ ಅಭ್ಯಾಸ ಬಿಡಿಸಿ.