ಮಂಡಿನೋವಿನ ಅಂಗವೈಕಲ್ಯ ಪಿಂಚಣಿ ತಿರಸ್ಕೃತವಾದರೆ: ಎರಡನೇ ಮೇಲ್ಮನವಿಯೋ, ನ್ಯಾಯಮಂಡಳಿಯೋ?

ಮೊದಲ ಮೇಲ್ಮನವಿಯೂ ಬಿದ್ದುಹೋದ ಕಲಬುರಗಿ, ಬೀದರ್, ಯಾದಗಿರಿಯ ಮಾಜಿ ಸೈನಿಕರ ಮುಂದೆ ಈಗಿರುವುದು ಎರಡು ದಾರಿ.

ಖರ್ಚು ನೋಡಿದರೆ ಎರಡನೇ ಮೇಲ್ಮನವಿಯೇ ಹಗುರ. ವಕೀಲರು ಬೇಕಿಲ್ಲ, ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್ ಸಾಕು. ಕರ್ನಾಟಕವು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುವುದರಿಂದ ಅಲ್ಲಿ ವಕೀಲರ ಫೀಜು, ದೂರ ಎರಡೂ ಸೇರುತ್ತವೆ.

ಗೆಲುವಿನ ಮಾತು ಬೇರೆ. ಸೇವೆ ಬಿಡುವಾಗ ತಪಾಸಣೆ ಮಾಡುವ ಬಿಡುಗಡೆ ವೈದ್ಯಕೀಯ ಮಂಡಳಿಯ ಹಾಳೆಯಲ್ಲಿ 'ಸೇವೆಯಿಂದ ಬಂದದ್ದಲ್ಲ, ಉಲ್ಬಣಿಸಿದ್ದೂ ಅಲ್ಲ' ಎಂಬ ಒಂದೇ ಸಾಲಿದ್ದು ಕಾರಣ ಬರೆದಿಲ್ಲವೇ? ಭರ್ತಿಯ ದಿನದ ತಪಾಸಣೆಯಲ್ಲಿ ಮಂಡಿ ಸರಿ ಎಂದಿತ್ತೇ? ಹಾಗಿದ್ದರೆ ನ್ಯಾಯಮಂಡಳಿಯಲ್ಲಿ ನಿಮ್ಮ ಕೈ ಗಟ್ಟಿ. 2013ರ ಧರಂವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಂಥ ಅನುಮಾನದ ಲಾಭ ಸೈನಿಕನಿಗೇ ಎಂದಿದೆ. ಆದರೆ ನಿಮ್ಮ ಬಳಿ ಹೊಸ ಕಾಗದ ಇದ್ದರೆ, ಉದಾಹರಣೆಗೆ ಎತ್ತರದ ಪ್ರದೇಶದ ಪೋಸ್ಟಿಂಗ್ ದಾಖಲೆ ಅಥವಾ ಸೇನಾ ಆಸ್ಪತ್ರೆಯ ಎಕ್ಸ್‌ರೇ, ಅದನ್ನು ಮೊದಲು ಎರಡನೇ ಮೇಲ್ಮನವಿಯಲ್ಲೇ ಹಾಕಿ.

ಅಂಗವೈಕಲ್ಯ ಶೇ. 20ಕ್ಕಿಂತ ಕಡಿಮೆ ಎಂದು ಮಂಡಳಿ ಬರೆದಿದ್ದರೆ ಎರಡೂ ಕಡೆ ಕಷ್ಟ. ಆ ಅಂಕಿಯನ್ನೇ ಪ್ರಶ್ನಿಸಬೇಕಾಗುತ್ತದೆ.

ಸಮಯಕ್ಕೆ ಬಂದರೆ, ಅಂತಿಮ ಆದೇಶದಿಂದ 6 ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಮೇಲ್ಮನವಿಗೆ 6 ತಿಂಗಳು ಉತ್ತರವೇ ಬಾರದಿದ್ದರೂ ಹೋಗಬಹುದು. ಹಾಗಾಗಿ ಪೋಸ್ಟ್ ರಸೀದಿ ಎಸೆಯಬೇಡಿ. ತಡ ಮಾಡಿದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷಕ್ಕಷ್ಟೇ ಸಿಗುತ್ತದೆ, ಅದು ದೊಡ್ಡ ನಷ್ಟ.