ಗಂಗಾವತಿಯ ತಂಡ ಕಂಡ ಸಿಂಗಾಪುರದ ಡಕ್ ಸವಾರಿ

ಕಳೆದ ಜನವರಿಯಲ್ಲಿ ಗಂಗಾವತಿಯಿಂದ ಸಿಂಗಾಪುರಕ್ಕೆ ಹೋದ ನಮ್ಮ 22 ಜನರ ತಂಡದಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಭತ್ತ ಬೆಳೆಯುವವರು, ರೈಸ್ ಮಿಲ್ ನಡೆಸಿದವರು, ನನ್ನಂತೆ ನಿವೃತ್ತರಾದ ಶಿಕ್ಷಕರು. ರಸ್ತೆಯಲ್ಲೂ ನೀರಿನಲ್ಲೂ ಸಾಗುವ 'ಡಕ್' ವಾಹನದ ಒಂದು ಗಂಟೆಯ ಸವಾರಿ ನಮ್ಮ ಪ್ಯಾಕೇಜಿನಲ್ಲಿಯೇ ಸೇರಿತ್ತು. ನಮ್ಮ ಭಾಗದಿಂದ ಈಗ ಅನೇಕ ತಂಡಗಳು ಅಲ್ಲಿಗೆ ಹೋಗುತ್ತಿರುವುದರಿಂದ, ಈ ಸವಾರಿ ಹೇಗಿತ್ತು ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ವಾಹನದ ವಿಷಯ. ಇದು ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಂದರಿಲ್ಲದ ತೀರಗಳಲ್ಲಿ ಹಡಗಿನಿಂದ ಸರಕನ್ನು ನೇರವಾಗಿ ದಡಕ್ಕೆ ಸಾಗಿಸಲು ಅಮೆರಿಕದವರು 1942ರಲ್ಲಿ ಡಿಯುಕೆಡಬ್ಲ್ಯು ಎಂಬ ಆರು ಚಕ್ರಗಳ ಲಾರಿಯನ್ನು ರೂಪಿಸಿದರು. ಆ ಅಕ್ಷರಗಳೇ ಸೈನಿಕರ ಬಾಯಲ್ಲಿ 'ಡಕ್', ಅಂದರೆ ಬಾತುಕೋಳಿ, ಆದವು. ನಾವು ಹತ್ತಿದ್ದು ಅದರ ನಂತರದ ತಲೆಮಾರಿನ, ವಿಯೆಟ್ನಾಂ ಯುದ್ಧದ ಕಾಲದ 'ಲಾರ್ಕ್' ಎಂಬ ವಾಹನ. ಸುಮಾರು 35 ಅಡಿ ಉದ್ದದ ಅಲ್ಯೂಮಿನಿಯಂ ದೋಣಿಯೊಂದಕ್ಕೆ ನಾಲ್ಕು ದೊಡ್ಡ ಟಯರುಗಳನ್ನು ಜೋಡಿಸಿದಂತೆ ಅದು ಕಾಣುತ್ತದೆ. ಲಾರಿಗಿರುವಂತಹ ಸ್ಪ್ರಿಂಗ್ ಪಾಟಾಗಳು ಇದಕ್ಕಿಲ್ಲ, ರಸ್ತೆಯ ಕುಲುಕನ್ನೆಲ್ಲ ಆ ಟಯರುಗಳೇ ತಾಳಿಕೊಳ್ಳಬೇಕು. ಸಿಂಗಾಪುರದ ರಸ್ತೆಗಳು ನುಣುಪಾಗಿರುವುದರಿಂದ ನಮಗೆ ತೊಂದರೆಯಾಗಲಿಲ್ಲ.

ಪೇಟೆಯ ರಸ್ತೆಗಳನ್ನು ಸುತ್ತಿದ ವಾಹನ ಒಂದು ಇಳಿಜಾರಿನ ತುದಿಯಲ್ಲಿ ಕ್ಷಣಕಾಲ ನಿಂತಿತು. ಎದುರಿಗೆ ನೀರು. ಮೂತಿ ಕೆಳಗಾಗಿ ಮುಳುಗಿ, ಎರಡೂ ಬದಿಗೆ ನೀರು ಚಿಮ್ಮಿ, ಅಷ್ಟು ಹೊತ್ತೂ ನಡುಗುತ್ತಿದ್ದ ನೆಲ ಒಮ್ಮೆಲೇ ಮೆತ್ತಗಾಗಿ ತೂಗತೊಡಗಿತು. ಚಕ್ರದ ಕೆಲಸ ಮುಗಿದು ಹಿಂಬದಿಯ ಪ್ರೊಪೆಲರ್ ಕೆಲಸ ಆರಂಭಿಸುವ ಆ ಘಳಿಗೆಗಾಗಿಯೇ ಟಿಕೆಟಿನ ಹಣ ಕೊಡಬಹುದು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ತಳವಾರಘಟ್ಟದಿಂದ ಆನೆಗೊಂದಿಗೆ ಮೋಟಾರ್ ಸೈಕಲ್ಲನ್ನೂ ಹರಿಗೋಲಿನಲ್ಲಿ ಇಟ್ಟುಕೊಂಡು ತುಂಗಭದ್ರೆ ದಾಟಿದವರು ನಾವು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೂಡ ಹದಿನೈದಿಪ್ಪತ್ತು ಜನರನ್ನೂ, ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುವ ಇಲ್ಲಿನ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಗಾಡಿಯನ್ನು ದೋಣಿ ಹೊರುವುದನ್ನು ಕಂಡಿದ್ದ ನಮಗೆ ಗಾಡಿಯೇ ದೋಣಿಯಾದದ್ದು ನಿಜವಾದ ಬೆರಗು.

ನೀರಿನ ಮೇಲಿಂದ ಸಿಂಹದ ತಲೆ, ಮೀನಿನ ದೇಹದ ಮರ್ಲಯನ್ ಪ್ರತಿಮೆ, ಮೂರು ಗೋಪುರಗಳ ಮರೀನಾ ಬೇ ಸ್ಯಾಂಡ್ಸ್ ಹೋಟೆಲು, 165 ಮೀಟರ್ ಎತ್ತರದ ಫ್ಲೈಯರ್ ಚಕ್ರ ಎಲ್ಲವೂ ಚೆನ್ನಾಗಿ ಕಾಣುತ್ತವೆ. ಅವುಗಳ ಚಿತ್ರಗಳನ್ನು ಎಲ್ಲರೂ ನೋಡಿಯೇ ಇರುತ್ತಾರೆ.

ನನಗೆ ಕೊರತೆಯೆನಿಸಿದ್ದು ವಿವರಣೆ. ಗೈಡ್ ಉತ್ಸಾಹಿ, ಎಲ್ಲರಿಂದಲೂ ಬಾತುಕೋಳಿಯಂತೆ ಕೂಗಿಸಿದರು. ಆದರೆ ಅವರ ವೇಗದ ಇಂಗ್ಲಿಷ್ ನಮ್ಮಲ್ಲಿ ಅರ್ಧದಷ್ಟು ಜನರಿಗೆ ತಿಳಿಯಲಿಲ್ಲ. ಹೋಟೆಲುಗಳ ಬಗ್ಗೆ ಬಹಳ ಹೇಳಿದ ಅವರು, ನಾವು ತೇಲುತ್ತಿದ್ದ ನೀರಿನ ಬಗ್ಗೆ ಒಂದೇ ವಾಕ್ಯ ಹೇಳಿ ಮುಂದಕ್ಕೆ ಹೋದರು. ಅದು ಸಮುದ್ರದ ನೀರಲ್ಲ. ಸುಮಾರು 350 ಮೀಟರ್ ಅಗಲದ ಕಾಲುವೆಗೆ ಅಡ್ಡಲಾಗಿ ಕಟ್ಟಿ 2008ರಲ್ಲಿ ಆರಂಭಿಸಿದ ಮರೀನಾ ಬ್ಯಾರೇಜ್ ಸಮುದ್ರವನ್ನು ಹೊರಗಿಟ್ಟು, ಪೇಟೆಯ ನಡುವೆಯೇ ಸಿಹಿನೀರಿನ ಜಲಾಶಯವನ್ನು ನಿರ್ಮಿಸಿದೆ. ನಾನು ಇದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಹಿಂದಿನ ಸಾಲಿನ ಹಿರಿಯರೊಬ್ಬರು, "ಸರ್, ಅದಕ್ಕ ಗೇಟ್ ಎಷ್ಟದಾವ್ರಿ?" ಎಂದು ಕೇಳಿದರು. ಒಂಬತ್ತು ಎಂದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಿದ್ದೆಗೆಟ್ಟವರು ಅವರು. ಅಲ್ಲಿಂದ ಇಳಿಯುವವರೆಗೂ ಮಾತೆಲ್ಲ ಗೇಟು, ಹೂಳು, ಎರಡನೇ ಬೆಳೆಯದೇ ಆಯಿತು. ನಮ್ಮವರಿಗೆ ಬೇಕಾಗಿದ್ದ ವಿವರಣೆ ಅದು. ತಂಡದ ಸಂಯೋಜಕರು ಕನ್ನಡದಲ್ಲಿ ಹತ್ತು ನಿಮಿಷ ಮಾತನಾಡಬಲ್ಲ ಒಬ್ಬರನ್ನು ಮೊದಲೇ ಸಿದ್ಧಪಡಿಸಿದರೆ ಇದೇ ಸವಾರಿಯ ಮೌಲ್ಯ ಇಮ್ಮಡಿಯಾಗುತ್ತದೆ.

ಸುರಕ್ಷತೆಯ ಕುರಿತು ಒಂದು ಮಾತು. 2018ರ ಜುಲೈಯಲ್ಲಿ ಅಮೆರಿಕದ ಮಿಸ್ಸೂರಿಯ ಸರೋವರವೊಂದರಲ್ಲಿ ಬಿರುಗಾಳಿಗೆ ಸಿಕ್ಕಿ ಇಂತಹ ವಾಹನ ಮುಳುಗಿ 17 ಜನ ತೀರಿಕೊಂಡರು. ಮುಳುಗುವಾಗ ಮೇಲಿನ ಚಾವಣಿಯೇ ಜನರನ್ನು ಒಳಗೆ ಸಿಕ್ಕಿಸುತ್ತದೆ ಎಂದು ತನಿಖೆ ನಡೆಸುವವರು ಅದಕ್ಕೂ ಮೊದಲೇ ಎಚ್ಚರಿಸಿದ್ದರು. ನಮ್ಮ ವಾಹನಕ್ಕೂ ಚಾವಣಿ ಇತ್ತು. ನೀರು ಶಾಂತವಾಗಿತ್ತು, ಲೈಫ್ ಜಾಕೆಟ್ ಎಲ್ಲಿವೆ ಎಂದು ಹೊರಡುವ ಮೊದಲೇ ತೋರಿಸಿದರು. ಆದರೂ ಮೋಡ ಕವಿದ ದಿನ ಹಟ ಹಿಡಿಯದೆ ಸವಾರಿಯನ್ನು ಮುಂದೂಡುವುದು ಲೇಸು.

ಮೊಣಕಾಲು ನೋವಿರುವವರಿಗೆ ಹತ್ತುವ ಮೆಟ್ಟಿಲು ಕಡಿದಾಗಿದೆ. ಇದನ್ನು ನಮಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಸಿಬ್ಬಂದಿ ಕೈಹಿಡಿದು ಹತ್ತಿಸಿದರು, ಅವಸರಪಡಿಸಲಿಲ್ಲ. ನಮ್ಮಲ್ಲಿ ಇಬ್ಬರು ಅಮ್ಮಂದಿರು ಮೆಟ್ಟಿಲು ನೋಡಿ ಕೆಳಗೇ ಉಳಿಯುತ್ತೇವೆ ಎಂದಿದ್ದರು. ಇಳಿದ ಮೇಲೆ, ಇನ್ನೊಂದು ಸುತ್ತಿಗೆ ಟಿಕೆಟ್ ಸಿಗುತ್ತದೆಯೇ ಎಂದು ವಿಚಾರಿಸಿದವರು ಅವರೇ.